ಮೊಂಡಿಯ ಬೆಂಚು

ದೋಣಿಯವನು ತನ್ನ ಹಳೆಯ ವಿಂಚನ್ನು ಮಗುವಿನಂತೆ ತಬ್ಬಿಕೊಂಡು ಬಂದು ರಿಪೇರಿ ಬೆಂಚಿನ ಮೇಲಿಟ್ಟ. ಮೊಂಡಿಯ ಕಣ್ಣು ಮೊದಲು ಹೋದದ್ದು ಅವನ ಅಂಗೈಗೆ. ಹೆಬ್ಬೆರಳ ಬುಡದಲ್ಲಿ ಚರ್ಮ ಸುಲಿದಿತ್ತು.

"ನೀವೇ ಬಿಚ್ಚೋಕೆ ಹೋದ್ರಿ ಅಲ್ವಾ?"

"ಒಂದೇ ಒಂದ್ಸಲ."

"ಒಂದ್ಸಲಕ್ಕೆ ಇಷ್ಟು ಸುಲಿಯಲ್ಲ."

"ಸರಿ. ಒಂದೇ ಒಂದು ಬೆಳಗ್ಗೆ, ಪೂರ್ತಿ."

ಅವಳಿಗೆ ನಗು ಬಂತು. ಹಲ್ಲು ಕಚ್ಚಿ ತಡೆದುಕೊಂಡಳು. ತಡೆದುಕೊಂಡದ್ದು ಅವನಿಗೆ ಗೊತ್ತಾಗಿಹೋಯಿತು ಎನ್ನುವುದು, ಅವನು ಥಟ್ಟನೆ ಕಿಟಕಿಯತ್ತ ತಿರುಗಿದ ರೀತಿಯಲ್ಲೇ ಅವಳಿಗೂ ಗೊತ್ತಾಯಿತು. ಒಂದು ವರ್ಷದಿಂದ ಇಬ್ಬರ ನಡುವೆ ನಡೆದದ್ದು ಇಷ್ಟೇ. ಅವನು ಏನಾದರೊಂದು ಕೆಟ್ಟ ಸಾಮಾನು ತರುತ್ತಿದ್ದ, ಅವಳು ಬೈಯುತ್ತಿದ್ದಳು, ಆಮೇಲೆ ಇಬ್ಬರೂ ಬಹಳ ಹೊತ್ತು ಸುಮ್ಮನಿರುತ್ತಿದ್ದರು. ಆ ಸುಮ್ಮನಿರುವಿಕೆಗಾಗಿ ಅವಳು ಕಾಯತೊಡಗಿದ್ದು ಯಾವಾಗಿನಿಂದ ಎಂದು ಅವಳಿಗೇ ನೆನಪಿರಲಿಲ್ಲ.

ಮೊಂಡಿ ಎಂಬ ಹೆಸರು ಅಣ್ಣ ಇಟ್ಟದ್ದು. ಏಳು ವರ್ಷದವಳಿದ್ದಾಗ ಖಾಲಿ ಪೇಂಟ್ ಡಬ್ಬದ ಮೇಲೆ ಹತ್ತಿ, ಅಪ್ಪನ ಪಕ್ಕ ಇದೇ ಬೆಂಚಿನ ಮುಂದೆ ನಿಂತು, ಊಟಕ್ಕೆ ಕರೆದರೂ ಇಳಿಯುವುದಿಲ್ಲ ಎಂದು ಹಟ ಹಿಡಿದಿದ್ದಳು. ಈಗ ಅಪ್ಪ ಇಲ್ಲ. ಅಂಗಡಿ ಅಣ್ಣನದು. ಬೆಂಚು ಮಾತ್ರ ಅಪ್ಪ ಬಾಯಿಬಿಟ್ಟು ಹೇಳಿ ಅವಳಿಗೆ ಬಿಟ್ಟುಹೋದದ್ದು.

ಅಣ್ಣ ಒಳಗಿನಿಂದ ಅಳತೆ ಟೇಪು ಹಿಡಿದು ಬಂದ. ಹೊಸ ಎಂಜಿನ್ ಮಾರುವ ಕಂಪನಿಯವರು ಮುಂದಿನ ವಾರ ಅಂಗಡಿ ನೋಡಲು ಬರುವವರಿದ್ದರು.

"ಈ ಜಾಗದಲ್ಲಿ ಗಾಜಿನ ಶೋಕೇಸ್ ಬರುತ್ತೆ," ಎಂದ.

"ಬೆಂಚು?"

"ಸೌದೆಗೆ. ಹಳೇ ಸಾಮಾನು ಯಾರು ರಿಪೇರಿ ಮಾಡಿಸ್ತಾರೆ ಈಗ? ನೀನು ಕೌಂಟರಲ್ಲಿ ಕೂತ್ಕೋ. ತಣ್ಣಗೆ ಫ್ಯಾನಿದೆ."

"ಇವ್ರು ಮಾಡಿಸ್ತಾರೆ."

ಅಣ್ಣ ದೋಣಿಯವನನ್ನು ಮೇಲಿಂದ ಕೆಳಗೆ ನೋಡಿದ. "ಇವ್ರು ಯಾಕೆ ಬರ್ತಾರೆ ಅಂತ ಇಡೀ ಬಂದರಿಗೆ ಗೊತ್ತು."

ದೋಣಿಯವನು ನೆಲ ನೋಡಿದ. ಮೊಂಡಿ ಕಿವಿಯವರೆಗೂ ಕೆಂಪಾದಳು. ಆದರೆ ಅವಳ ದನಿ ಒಂದಿಷ್ಟೂ ನಡುಗಲಿಲ್ಲ. "ಈ ವಿಂಚನ್ನ ಇವತ್ತೇ ಬಿಚ್ಚಿ ತೋರಿಸ್ತೀನಿ."

ಅಣ್ಣ ಬಗ್ಗಿ ನೋಡಿದ. ಲಂಗರಿನ ಹಗ್ಗ ಮೇಲೆಳೆಯುವ ವಿಂಚ್ ಅದು. ಮುಚ್ಚಳದ ಸುತ್ತ ಆರು ಸ್ಕ್ರೂ. ಅಲ್ಯೂಮಿನಿಯಂ ಮೈಯೊಳಗೆ ಸ್ಟೀಲ್ ಸ್ಕ್ರೂ, ನಡುವೆ ಸಮುದ್ರದ ಉಪ್ಪು. ಅವು ಹೀಗೆ ಸೇರಿಬಿಟ್ಟರೆ ಯಾರ ಮಾತಿಗೂ ಬಗ್ಗುವುದಿಲ್ಲ. ಒಂದೊಂದು ತಲೆಯ ಸುತ್ತಲೂ ಬಿಳಿ ಪುಡಿ ಕಟ್ಟಿತ್ತು.

"ಸಾಯಂಕಾಲದೊಳಗೆ ಆರೂ ಇಡಿಯಾಗಿ ಹೊರಗೆ ಬಂದ್ರೆ ಬೆಂಚು ಇಲ್ಲೇ ಇರಲಿ," ಎಂದ ಅಣ್ಣ. "ಒಂದು ಮುರಿದ್ರೂ ನೀನು ಕೌಂಟರಿಗೆ. ಆಮೇಲೆ ಮುಖ ಊದಿಸ್ಕೊಂಡು ಓಡಾಡಬಾರದು. ಒಪ್ಪಿಗೆನಾ?"

"ಒಪ್ಪಿಗೆ."

ಕೌಂಟರಿನಿಂದ ಅತ್ತಿಗೆ ಕೂಗಿದಳು. "ಅಣ್ಣತಂಗಿ ಜಗಳಕ್ಕೆ ಆ ಮನುಷ್ಯನ ವಿಂಚ್ ಹಾಳು ಮಾಡ್ಬೇಡಿ!"

ಮೊಂಡಿ ಅವಸರ ಮಾಡಲಿಲ್ಲ. ದಪ್ಪ ಸೂಜಿಯಿಂದ ಪ್ರತಿ ಸ್ಕ್ರೂವಿನ ಗೀರಿನೊಳಗಿನ ಉಪ್ಪು, ಕೊಳೆ ಕೆರೆದು ತೆಗೆದಳು. ಎಣ್ಣೆ ಬಿಟ್ಟಳು. ಸಣ್ಣ ಸುತ್ತಿಗೆಯಿಂದ ತಲೆಯ ಮೇಲೆ ಟಕ್, ಟಕ್ ಎಂದು ತಟ್ಟಿದಳು. ಗ್ಯಾಸ್ ಟಾರ್ಚಿನ ಜ್ವಾಲೆಯನ್ನು ಮುಚ್ಚಳದ ಸುತ್ತ ಆಡಿಸಿ, ಆರಲು ಬಿಟ್ಟು, ಮತ್ತೆ ಆಡಿಸಿದಳು. ಬೆಂಚಿನ ವೈಸಿನ ಬಾಯಿಗೆ ಹಿಡಿಸದ ವಿಂಚ್ ಅಲುಗದಂತೆ ದೋಣಿಯವನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ. ಅವಳ ಮೊಣಕೈ ಅವನ ತೋಳಿಗೆ ತಾಗಿತು. ಇಬ್ಬರೂ ಸರಿಯಲಿಲ್ಲ.

"ಮೊದಲು ಬಿಗಿ ಮಾಡ್ತಿದ್ದೀರಲ್ಲ?" ಎಂದು ಅವನು ಕೇಳಿದ.

"ಒಂದು ಕೂದಲೆಳೆಯಷ್ಟು. ಒಳಗಿನ ಉಪ್ಪು ಬಿರುಕು ಬಿಡ್ಬೇಕು. ಬರೀ ಬಿಚ್ಚೋ ಕಡೆಗೇ ಎಳೆದ್ರೆ ತಲೆ ಹೋಗುತ್ತೆ. ನಿಮ್ಮ ಅಂಗೈ ಹೋದ ಹಾಗೆ."

ಮೊದಲ ಸ್ಕ್ರೂ ಕಿರ್ರೆಂದು ಕೂಗಿ ತಿರುಗಿತು. ಹೊರಗೆ ಬಂದದ್ದನ್ನು ಅವಳು ಬೆಳಕಿಗೆ ಹಿಡಿದಳು. ಹಿಡಿದವಳು ಹಾಗೆಯೇ ನಿಂತುಬಿಟ್ಟಳು.

ಸ್ಕ್ರೂವಿನ ಮೈ ಒಣಗಿತ್ತು. ಪೇಸ್ಟಿನ ಗುರುತು ಎಳ್ಳಷ್ಟೂ ಇರಲಿಲ್ಲ.

ಕಳೆದ ವರ್ಷ ಇದೇ ವಿಂಚಿಗೆ ಹಲ್ಲುಚಕ್ರ ಹಾಕಿಕೊಟ್ಟಾಗ, ಮುಚ್ಚಳ ದೋಣಿಯಲ್ಲೇ ಕೂರಿಸಬೇಕಿತ್ತೆಂದು, ಅವಳು ಆರು ಹೊಸ ಸ್ಕ್ರೂಗಳ ಜೊತೆ ಒಂದು ಪುಟ್ಟ ಡಬ್ಬಿ ಪೇಸ್ಟನ್ನೂ ಕೊಟ್ಟಿದ್ದಳು. ಅದನ್ನು ಹಚ್ಚಿದರೆ ಉಪ್ಪು ಒಳಗೆ ಇಳಿಯುವುದಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ತಾನೇ ಬರೆದೂ ಇದ್ದಳು: "ಒಂದೊಂದಕ್ಕೂ ಹಚ್ಚಿ. ಮರೆಯಬೇಡಿ. ಮರೆತರೆ ಬಂದು ಬೈತೀನಿ."

"ಪೇಸ್ಟ್ ಏನಾಯ್ತು?"

ಅವನು ವಿಂಚನ್ನು ಇನ್ನಷ್ಟು ಬಿಗಿಯಾಗಿ ಒತ್ತಿ ಹಿಡಿದ.

"ಕೇಳಿಸ್ತಾ?"

"ಇದೆ. ದೋಣಿಯಲ್ಲಿ. ತಲೆದಿಂಬಿನ ಹತ್ತಿರ." ಅವನು ಕಿಟಕಿಯತ್ತ ನೋಡಿದ. "ಡಬ್ಬಿ ತೆಗೆದ್ರೆ ಮುಚ್ಚಳಕ್ಕೆ ಎಣ್ಣೆ ಕೈ ತಾಗಿ ಬರೆದದ್ದು ಅಳಿಸಿಹೋಗುತ್ತೆ ಅಂತ... ಬೈತೀನಿ ಅಂತ ಯಾರೂ ನನಗೆ ಬರೆದುಕೊಟ್ಟಿರಲಿಲ್ಲ."

ಒಂದು ಕ್ಷಣ ಅವಳ ಎದೆಯೊಳಗೆ ಏನೋ ಮೆತ್ತಗಾಯಿತು. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು.

"ನಿನಗೆ ಬುದ್ಧಿ ಇದ್ಯಾ? ನನ್ನ ಅಕ್ಷರ ಉಳಿಸೋಕೆ ನನ್ನ ಕೆಲಸ ಹಾಳು ಮಾಡಿದ್ಯಾ? ಅಕ್ಷರ ಬೇಕಿದ್ರೆ ಕೇಳ್ಬೇಕಿತ್ತು, ಒಂದು ಪುಸ್ತಕ ತುಂಬ ಬರೆದುಕೊಡ್ತಿದ್ದೆ!"

"ಕೇಳೋಕೆ ಧೈರ್ಯ ಇರಲಿಲ್ಲ."

"ಸಮುದ್ರಕ್ಕೆ ಹೋಗೋಕೆ ಇರುತ್ತೆ?"

"ಸಮುದ್ರ ತಿರುಗಿ ಬೈಯಲ್ಲ."

ಅವಳು ಮತ್ತೆ ಜ್ವಾಲೆ ಹಚ್ಚಿದಳು. ಎರಡನೆಯದು ಬಂತು. ಮಧ್ಯಾಹ್ನದ ಹೊತ್ತಿಗೆ ಮೂರನೆಯದು. ಅವನು ತಂದುಕೊಟ್ಟ ಟೀಯನ್ನು ಮುಟ್ಟದೆ ಆರಲು ಬಿಟ್ಟಳು. ಆರಿದ ಮೇಲೆ ಗಟಗಟ ಕುಡಿದಳು. ನಾಲ್ಕು, ಐದು. ಬಿಸಿಲು ಬಾಗಿಲಿನಿಂದ ಬೆಂಚಿನ ಕಾಲಿನವರೆಗೆ ಬಂದಿತ್ತು.

ಆರನೆಯದು ಅವನು ನಿನ್ನೆ ಬೆಳಗ್ಗೆ ಕೈ ಹಾಕಿ ಗೀರು ಸವೆಸಿದ್ದ ಸ್ಕ್ರೂ. ಅವಳು ಗರಗಸದಿಂದ ಹೊಸ ಗೀರು ಕೊಯ್ದಳು. ಐದು ಬಾರಿ ಕಾಯಿಸಿ ಆರಿಸಿದಳು. ಕೂದಲೆಳೆಯಷ್ಟು ಬಿಗಿ ಮಾಡಿದಳು. ಬಿಚ್ಚಿದಳು. ತಿರುಗಿತು ಎಂದು ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟರು.

ತಿರುಗಿದ್ದು ತಲೆ ಮಾತ್ರ. ಟಿಕ್ ಎಂದು ಮುರಿದು ಉರುಳಿ, ಅವಳ ಚಪ್ಪಲಿಯ ಪಕ್ಕ ಬಿತ್ತು.

ಅವಳು ಬಗ್ಗಿ ಅದನ್ನೆತ್ತಿಕೊಂಡಳು. ಅವನು ಪಿಸುಗುಟ್ಟಿದ. "ನಾನು ಮುರಿದೆ ಅಂತ ಹೇಳ್ತೀನಿ. ನೀವು ಟೀ ಕುಡೀತಿದ್ದಾಗ ಕೈ ಹಾಕಿದೆ ಅಂತ. ನಿಮ್ಮಣ್ಣ ನಂಬ್ತಾರೆ. ಹೇಗಿದ್ರೂ ತಪ್ಪು ನನ್ನದೇ."

ಅದು ಕೆಟ್ಟ ಉಪಾಯವೇನಾಗಿರಲಿಲ್ಲ. ಅಪ್ಪನ ಬೆಂಚಿನ ಮೇಲೆ ಅಂಗೈಯೂರಿ ಅವಳು ಯೋಚಿಸಿದಳು. ನಾಳೆಯೂ ಇಲ್ಲೇ ನಿಲ್ಲಬಹುದು. ಆದರೆ ಒಂದು ಸುಳ್ಳಿನ ಮೇಲೆ ನಿಲ್ಲಬೇಕು. ಜೊತೆಗೆ ಇವನು ಅಣ್ಣನ ಮುಂದೆ ಜೀವಮಾನವಿಡೀ ತಲೆ ತಗ್ಗಿಸಬೇಕು.

"ಬೇಡ. ಮುರಿದದ್ದು ನನ್ನ ಕೈ."

ಅವಳೇ ಅಣ್ಣನನ್ನು ಕರೆದಳು. ಅತ್ತಿಗೆಯೂ ಎದ್ದು ಬಂದಳು. ಮುರಿದ ತಲೆಯನ್ನು ಅಣ್ಣನ ಅಂಗೈಗೆ ಹಾಕಿ, "ಒಂದು ಹೋಯ್ತು. ಈಗ ಇಲ್ಲಿ ನೋಡು," ಎಂದಳು.

ತಲೆಯಿಲ್ಲದ ಮೇಲೆ ಮುಚ್ಚಳವನ್ನು ಹಿಡಿದಿಡಲು ಏನೂ ಉಳಿದಿರಲಿಲ್ಲ. ಅದನ್ನೆತ್ತಿದಳು. ಕೆಳಗೆ ಅರ್ಧ ಬೆರಳಿನಷ್ಟು ಸ್ಕ್ರೂ ಮೊಳಕೆಯಂತೆ ನಿಂತಿತ್ತು. ಅದರ ಬುಡಕ್ಕೆ ಜ್ವಾಲೆ ಹಿಡಿದು, ಇಕ್ಕಳದಿಂದ ಕಚ್ಚಿ, ಆಚೆಗಿಷ್ಟು ಈಚೆಗಿಷ್ಟು ಆಡಿಸಿದಳು. ಸ್ಕ್ರೂ ಸುತ್ತು ಸುತ್ತಾಗಿ ಮೇಲೆ ಬಂತು.

"ಮುರಿದ್ರೆ ಮುಗೀತು ಅನ್ನೋದು ಮಾರೋರ ಲೆಕ್ಕ," ಎಂದಳು. "ರಿಪೇರಿಯವ್ರದ್ದು ಅಲ್ಲಿಂದ ಶುರು."

ಅಣ್ಣ ಆ ಸ್ಕ್ರೂವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಕೆಲಸ ಚೆನ್ನಾಗಿದೆ. ಆದ್ರೆ ಮಾತು ಮಾತೇ. ಇಡಿಯಾಗಿ ಬರ್ಬೇಕು ಅಂದಿದ್ದೆ."

"ಹೌದು. ಸೋತೆ. ನಿನ್ನ ಅಂಗಡಿಯಿಂದ ಬೆಂಚು ಹೋಗುತ್ತೆ. ಸೌದೆಗಲ್ಲ, ನನ್ನ ಜೊತೆ. ಕೌಂಟರಿಗೆ ಬೇರೆಯವ್ರನ್ನ ನೋಡ್ಕೋ."

"ಒಪ್ಪಿಗೆ ಅಂದಿದ್ದೆ ನೀನು!"

"ಅಂದಿದ್ದೆ. ಬೇಕಿದ್ರೆ ಊರಿಗೆಲ್ಲ ಸಾರು, ನನ್ನ ತಂಗಿ ಮಾತಿಗೆ ತಪ್ಪಿದಳು ಅಂತ. ಸುಳ್ಳು ಹೇಳಿ ಇಲ್ಲಿ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಅದನ್ನೂ ಸೇರಿಸಿ ಸಾರು."

ಅವಳು ದೋಣಿಯವನತ್ತ ತಿರುಗಿದಳು. "ನಿನ್ನ ದೋಣಿ ಶೆಡ್ಡಲ್ಲಿ ಏಳಡಿ ಜಾಗ ಇದ್ಯಾ?"

"ಇದೆ," ಎಂದ ಅವನು. ಆಮೇಲೆ, ಆ ಒಂದು ವರ್ಷದಲ್ಲಿ ಮೊದಲ ಬಾರಿಗೆ, ಅವಳ ಅಣ್ಣನ ಮುಖವನ್ನೇ ನೇರವಾಗಿ ನೋಡಿ ಹೇಳಿದ, "ನಾನು ಯಾಕೆ ಬರ್ತೀನಿ ಅಂತ ಬಂದರಿಗೆ ಗೊತ್ತು ಅಂದ್ರಲ್ಲ. ನಿಜ. ಅದಕ್ಕೇ ಬರ್ತಿದ್ದೆ."

ಅತ್ತಿಗೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. "ಅಬ್ಬಾ, ಬಾಯಿ ಬಂತು!"

ಬೆಂಚನ್ನು ಕೈಗಾಡಿಗೆ ಏರಿಸುವಾಗ ಅಣ್ಣ ದೂರ ನಿಂತಿದ್ದ. ಗಾಡಿ ಹೊರಡುವಾಗ ಸಾಮಾನು ಕಚ್ಚಿ ಹಿಡಿಯುವ, ಬೆಂಚಿನ ಕಬ್ಬಿಣದ ವೈಸನ್ನು ಹೊತ್ತು ತಂದು ಧೊಪ್ಪನೆ ಮೇಲೆ ಹೇರಿದ. "ಇದಿಲ್ದೆ ಅಲ್ಲಿ ಏನು ಕಡಿದು ಕಟ್ಟೆ ಹಾಕ್ತೀಯ?" ಎಂದು ಗೊಣಗಿ, ಅವಳು ಉತ್ತರಿಸುವ ಮೊದಲೇ ಒಳಗೆ ಹೋದ.

ದೋಣಿಗಳು ನಿಲ್ಲುವ ದಕ್ಕೆಯ ಬೀದಿಯಲ್ಲಿ ಬಲೆ ಹೆಣೆಯುತ್ತಿದ್ದವರು ತಲೆಯೆತ್ತಿ ನೋಡಿದರು. ಮೊಂಡಿ ಒಬ್ಬೊಬ್ಬರ ಕಣ್ಣಿಗೂ ಕಣ್ಣು ಕೊಟ್ಟು ನಡೆದಳು.

ಶೆಡ್ಡಿನ ಬಾಗಿಲಲ್ಲಿ ಗಾಡಿ ನಿಂತಿತು. ಒಳಗೆ ಹಗ್ಗ, ತಾರು, ಒದ್ದೆ ಮರದ ವಾಸನೆ. ಸಂಜೆಬೆಳಕು ಅವನ ಕೆನ್ನೆಯ ಮೇಲಿತ್ತು.

"ಒಂದು ಮಾತು ತಿಳ್ಕೋ," ಎಂದಳು. "ಅಣ್ಣ ಹೊರಗೆ ಹಾಕಿದ ಅಂತ ನಾನಿಲ್ಲಿಗೆ ಬಂದಿಲ್ಲ. ಜಾಗವೇ ಬೇಕಿದ್ರೆ ಈ ಸಾಲಲ್ಲಿ ನಾಲ್ಕು ಶೆಡ್ ಖಾಲಿ ಬಿದ್ದಿವೆ."

"ಮತ್ತೆ ಇಲ್ಲಿಗೇ ಯಾಕೆ?"

"ಯಾಕೆ ಅಂತೆ! ಬಂದರಿಗೆಲ್ಲ ಗೊತ್ತಿರೋದು ನಿನಗೊಬ್ಬನಿಗೆ ಗೊತ್ತಿಲ್ವಾ? ಹಿಡಿ ಆ ತುದಿ."

ಅವನು ಆ ತುದಿಗೆ ಹೋಗಲಿಲ್ಲ. ಈ ತುದಿಗೆ ಬಂದು, ಬೆಂಚಿನಂಚಿನ ಮೇಲಿದ್ದ ಅವಳ ಕೈಯ ಮೇಲೆ ತನ್ನ ಸುಲಿದ ಅಂಗೈಯನ್ನಿಟ್ಟ.

"ಬೆಂಚು ಜಾರಿದ್ರೆ ನಿನ್ನ ಕಾಲ ಮೇಲೇ ಬೀಳೋದು," ಎಂದಳು ಮೊಂಡಿ. ಕೈ ಮಾತ್ರ ಎಳೆದುಕೊಳ್ಳಲಿಲ್ಲ.