ಸೂಜಿ ಮಾತ್ರ ಹೋದ ದಿನಗಳು

ಬೆಳಗ್ಗೆ ಒಂಬತ್ತಕ್ಕೆ, ಆಸ್ಪತ್ರೆಗಳಿಗೆ ಔಷಧಿ ಕಳಿಸುವ ಗೋದಾಮಿನ ತಂಪು ಕೋಣೆಯ ಬಾಗಿಲು ತೆರೆದಾಗ ಇನ್ಸುಲಿನ್ ಇಡುವ ಕಪಾಟು ಖಾಲಿ. ಹೆಸರಿಗೂ ಒಂದು ಸೀಸೆ ಇಲ್ಲ. ಔಷಧಿ ಸಿಗದೆ ಇಬ್ಬರು ಮಕ್ಕಳನ್ನು ದೂರದ ಊರಿಗೆ ಸಾಗಿಸಿದ್ದೇವೆಂದು ಮಕ್ಕಳ ಆಸ್ಪತ್ರೆಯವರು ಹಿಂದಿನ ದಿನವಷ್ಟೇ ತಿಳಿಸಿದ್ದರು.

ಮೂರು ತಿಂಗಳಲ್ಲಿ ಇದು ನಾಲ್ಕನೇ ಸಲ. ಬಂದ ಆರ್ಡರುಗಳನ್ನು ನೋಡಿ ಮುಂದಿನ ತಿಂಗಳಿಗೆ ಎಷ್ಟು ಔಷಧಿ ಬೇಕಾದೀತೆಂದು ಹೇಳುವುದು ಸಾಫ್ಟ್‌ವೇರ್. ಅದನ್ನು ನೋಡಿಕೊಳ್ಳುವವಳು, ಕಚೇರಿಯವರ ಬಾಯಲ್ಲಿ, ಅಂದಾಜಿನ ಹುಡುಗಿ. ಆಸ್ಪತ್ರೆಗಳು ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದರೆ ಸಾಫ್ಟ್‌ವೇರ್ ತಿಂಗಳಿಂದ ತಿಂಗಳಿಗೆ ಅಂಕಿ ಇಳಿಸುತ್ತಿತ್ತು. ಇವಳೇ ಏನೋ ತಿದ್ದಿದ್ದಾಳೆ ಎಂದು ಮ್ಯಾನೇಜರ್ ತೀರ್ಮಾನಿಸಿಬಿಟ್ಟಿದ್ದರು. ಸಂಜೆಯೊಳಗೆ ಬೇರೆ ಕಾರಣ ಸಿಗದಿದ್ದರೆ ಅವಳ ಕೆಲಸ ಹೋದಂತೆಯೇ.

ಸಾಫ್ಟ್‌ವೇರ್ ಕಂಪನಿಯಿಂದ ತನಿಖೆಗೆ ಬಂದವರು ಐವತ್ತು ದಾಟಿದ ಹೆಂಗಸು. ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ.

"ಅಂಕಿ ನೀನು ತಿದ್ದಿದ್ಯಾ?"

"ಇಲ್ಲ ಮೇಡಂ."

"ಇಳೀತಿರೋದು ನೋಡಿ ಅನುಮಾನ ಬರ್ಲಿಲ್ವಾ?"

"ಬಂತು. ಫೋನಣ್ಣನ್ನ ಕೇಳ್ದೆ. ಕಂಪ್ಯೂಟರ್ ಹೇಳೋದೇ ಸರಿ ಇರ್ಬೇಕು ಅಂದ್ರು."

ಫೋನಣ್ಣ ಎಂದರೆ ಆಸ್ಪತ್ರೆಗಳ ಆರ್ಡರನ್ನು ಫೋನಿನಲ್ಲಿ ಕೇಳಿ ಪರದೆಗೆ ಏರಿಸುವ ಹಿರಿಯ ಗುಮಾಸ್ತರು. ಅವಳಿಗೆ ಕೆಲಸ ಕಲಿಸಿದವರು. ಅವರು ಹೇಳಿದ್ದೇ ಅವಳಿಗೆ ವೇದವಾಕ್ಯ.

ತನಿಖೆಗೆ ಬಂದಾಕೆ ಗೋದಾಮಿನವನತ್ತ ತಿರುಗಿದರು. "ಸೀಸೆ ಏನಾದ್ರೂ ಕಳುವಾಗಿದ್ಯಾ?"

"ಇಲ್ಲ. ಬಂದಿದ್ದೆಲ್ಲ ಆಸ್ಪತ್ರೆಗೇ ಹೋಗಿದೆ."

"ಆಚೆ ಇರೋ ಪೆಟ್ಟಿಗೆಗಳು?"

"ಇನ್ಸುಲಿನ್ ಸೂಜಿ. ಅದು ಎಂದಿನ ಹಾಗೇ ಹೋಗ್ತಿದೆ."

ಆಕೆ ಫೋನಣ್ಣನ ಮೇಜಿಗೆ ಬಂದರು. "ಕಪಾಟು ಖಾಲಿ ಇದ್ದಾಗ ಆರ್ಡರ್ ಬಂದಿತ್ತಾ?"

"ಪರದೇಲಿ ಇದ್ರೆ ಬಂದಿರುತ್ತೆ."

"ನಾನು ಪರದೆ ವಿಷ್ಯ ಕೇಳ್ಲಿಲ್ಲ. ಫೋನಲ್ಲಿ ಬಂದಿತ್ತಾ?"

ಫೋನಣ್ಣ ನೀರಿನ ಲೋಟಕ್ಕೆ ಕೈಚಾಚಿದರು.

ನಾಲ್ಕೂವರೆಗೆ ಎಲ್ಲರೂ ಮ್ಯಾನೇಜರ್ ಕೋಣೆಯಲ್ಲಿ ಸೇರಿದರು.

"ಕಪಾಟು ಖಾಲಿ ಇದ್ದ ಹದಿನೇಳು ದಿನ ಇನ್ಸುಲಿನ್ ಆರ್ಡರ್ ಸೊನ್ನೆ," ಎಂದರು ತನಿಖೆಗೆ ಬಂದಾಕೆ. "ಯಾರಿಗೂ ಬೇಡ ಅಂತ ಸಾಫ್ಟ್‌ವೇರ್ ತಿಳ್ಕೊಳ್ತು, ಅಂಕಿ ಇಳಿಸ್ತು. ನೀವು ಕಮ್ಮಿ ತರಿಸಿದ್ರಿ, ಕಪಾಟು ಮತ್ತೆ ಖಾಲಿ. ಆದ್ರೆ ಅದೇ ಹದಿನೇಳು ದಿನ ಸೂಜಿ ಹೋಗಿದೆ. ಔಷಧಿ ಬೇಡದವರಿಗೆ ಸೂಜಿ ಯಾಕೆ?"

ಆಕೆ ಇನ್ನೊಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು.

"ಆರ್ಡರ್ ಬಂದಿತ್ತು. ಯಾರೋ ಅಳಿಸಿದ್ರು. ಏನು ಅಳಿಸಿದ್ರು ಅನ್ನೋದು ಸಾಫ್ಟ್‌ವೇರಲ್ಲಿ ಉಳಿಯಲ್ಲ. ಯಾವ ಮೇಜಿಂದ, ಎಷ್ಟೊತ್ತಿಗೆ ಅನ್ನೋದು ಉಳಿಯುತ್ತೆ. ಪ್ರತಿ ಸಲ ಐದಕ್ಕೆ ಐದು ನಿಮಿಷ ಇರುವಾಗ — ಫೋನಣ್ಣನ ಮೇಜಿಂದ."

ಮ್ಯಾನೇಜರ್ ದಂಗಾದರು. "ನೀವಾ? ಯಾಕ್ರೀ?"

"ಔಷಧಿ ಕಳಿಸದೇ ಬಾಕಿ ಇರೋ ಆರ್ಡರ್ ಸಂಜೆ ಐದಕ್ಕೆ ಒಂದೂ ಪರದೇಲಿ ಉಳೀಬಾರ್ದು ಅಂತ ನೀವೇ ಅಲ್ವಾ ಸಾರ್ ಹೇಳಿದ್ದು? ಉಳಿದ್ರೆ ಎಲ್ರ ಎದುರು ಬೈತಿದ್ರಿ. ಬೇಕಾದವ್ರು ನಾಳೆ ಮತ್ತೆ ಫೋನ್ ಮಾಡ್ತಾರೆ ಅಂದ್ಕೊಂಡೆ."

ಮ್ಯಾನೇಜರ್ ಬೈದದ್ದು ನಿಜವೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಹುಡುಗಿಯ ಕೆಲಸ ಉಳಿದಿತ್ತು. ಆದರೆ ಅವಳಿಗೆ ಸಂತೋಷವಾಗಲಿಲ್ಲ, ಸಂಕಟವೇ ಆಯಿತು.

"ನನ್ನ ಕೆಲಸ ಹೋಗುತ್ತೆ ಅಂತ ಗೊತ್ತಿತ್ತಲ್ವಾ ಅಣ್ಣ?"

"ಗೊತ್ತಿತ್ತಮ್ಮ."

"ಮತ್ತೆ?"

"ಬಾಯಿ ಬಿಡೋಕೆ ಧೈರ್ಯ ಬರ್ಲಿಲ್ಲ."

ಅವಳು ಮುಖ ತಿರುಗಿಸಿಕೊಂಡಳು. ತನಿಖೆಗೆ ಬಂದಾಕೆ ಕಾಗದಗಳನ್ನು ಜೋಡಿಸುತ್ತ, "ಅಳಿಸಿದ್ದೆಲ್ಲ ಮತ್ತೆ ಏರಿಸಿದ್ರೆ ಅಂಕಿ ಸರಿಹೋಗುತ್ತೆ. ಆದ್ರೆ ಅದೆಲ್ಲ ಯಾರಿಗೆ ನೆನಪಿರುತ್ತೆ?" ಎಂದರು.

ಹುಡುಗಿ ತನ್ನ ಮೇಜಿಗೆ ಮರಳಿದಾಗ ಫೋನಣ್ಣ ಅದರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು. ಅವಳ ಮುಖ ನೋಡಲಿಲ್ಲ.

"ಬರ್ಕೊಳಮ್ಮ. ಮೊದಲ್ನೇದು, ಮಕ್ಕಳ ಆಸ್ಪತ್ರೆ. ಮಂಗಳವಾರ, ನಲವತ್ತು ಸೀಸೆ. ತುಂಬಾ ಅರ್ಜೆಂಟು ಅಂದಿದ್ರು."

ಅವಳು ಕೀಬೋರ್ಡ್ ಎಳೆದುಕೊಂಡು ಏರಿಸತೊಡಗಿದಳು. ಅವರು ಒಂದೊಂದಾಗಿ ಹೇಳುತ್ತ ಹೋದರು. ಹದಿನೇಳು ದಿನಗಳಲ್ಲಿ ಒಂದೇ ಒಂದು ಆರ್ಡರನ್ನೂ ಅವರು ಮರೆತಿರಲಿಲ್ಲ.