ಕಾಳೋಜನ ಹತ್ಯಾರದ ಪೆಟ್ಟಿಗೆ

ಬಹಳ ಹಿಂದೆ, ಈಗ ದಾರಿ ಕೇಳಿದರೆ ಯಾರೂ ಹೇಳಲಾರದ ಸೀಮೆಯಲ್ಲಿ, ಹೊಗರೂರು ಎಂಬ ರಾಜ್ಯವಿತ್ತು. ಅಲ್ಲಿನ ಬೆಟ್ಟದ ತುದಿಯಲ್ಲಿ ಕೆಂಜೂಗನೆಂಬ ಮಾಯಾವಿ ಇದ್ದ. ಅವನ ಪ್ರಾಣ ಒಂದು ಕರಿಮರದ ಕಂಬದಲ್ಲಿತ್ತು. ಆ ಕಂಬವನ್ನು ಕಬ್ಬಿಣವೊಂದೇ ಕಡಿಯಬಲ್ಲದು. ಅದಕ್ಕೇ ಅವನು ದಿನವೂ ಸಂಜೆ ಕೆಂಪು ಮಂಜನ್ನು ಊದಿ ಕೆಳಕ್ಕೆ ಬಿಡುತ್ತಿದ್ದ. ಮಂಜು ತಾಗಿದ ಕಬ್ಬಿಣ ಪುಡಿಯಾಗುತ್ತಿತ್ತು. ನೇಗಿಲ ಗುಳ ಉದುರಿತು, ಕೊಡಲಿ ಉದುರಿತು, ರಾಜನ ಕತ್ತಿ ಒರೆಯೊಳಗೇ ಉದುರಿತು. ಜನ ಬೆರಳಿಂದ ನೆಲ ಕೆರೆದು ಬಿತ್ತಿದರು. ಬೆಳೆದದ್ದು ಹೊಟ್ಟೆಗೆ ಸಾಲಲಿಲ್ಲ.

ಬಡಗಿ ಕಾಳೋಜನ ಬಳಿ ಮಾತ್ರ ಮೂರು ಹತ್ಯಾರಗಳಿದ್ದವು: ಒಂದು ಗರಗಸ, ಒಂದು ಬಾಚಿ, ಒಂದು ಉಳಿ. ಹರಳೆಣ್ಣೆಯ ಬಾನಿಯಲ್ಲಿ ಮುಳುಗಿಸಿಟ್ಟಿದ್ದಕ್ಕೆ ಉಳಿದಿದ್ದವು. ಎಣ್ಣೆಯೂ ಮುಗಿಯುತ್ತಾ ಬಂದಿತ್ತು. ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ ಅವನಿಗೂ ಹೆಂಡತಿ ದ್ಯಾವಮ್ಮನಿಗೂ ಮಾತು ಕಡಿಮೆಯಾಗಿತ್ತು.

ಒಂದು ಬೆಳಿಗ್ಗೆ ಕಾಳೋಜ, ಉದುರಿಹೋದ ಹಳೇ ಉಳಿಯೊಂದರ ಹಿಡಿಯನ್ನು ಒಡೆದ. ಹಿಡಿ ಅವನ ಅಪ್ಪನ ಕಾಲದ್ದು. ಅದರೊಳಗೆ ಹೊಕ್ಕಿದ್ದ ಕಬ್ಬಿಣ ಮಾತ್ರ ಫಳಫಳ ಹೊಳೆಯುತ್ತಿತ್ತು. ಮನುಷ್ಯರ ಜೊತೆ ಬಾಳಿದ ಮರದೊಳಕ್ಕೆ ಮಂಜು ನುಗ್ಗದು ಎಂದು ಅವನಿಗೆ ತಿಳಿಯಿತು. ಅಂಥ ಮರದ ಪೆಟ್ಟಿಗೆಯಿದ್ದರೆ ಹತ್ಯಾರಗಳನ್ನು ಬೆಟ್ಟದ ತುದಿಗೆ ಒಯ್ದು ಕಂಬ ಕಡಿಯಬಹುದು. ಆದರೆ ಕಾಡು ಕಡಿಯಲು ಕೊಡಲಿಯಿಲ್ಲದ ಜನ ಹಳೇ ಮರವನ್ನೆಲ್ಲ ಒಲೆಗೆ ಹಾಕಿ ಮುಗಿಸಿದ್ದರು.

ಅವನು ಹುಡುಕುತ್ತಾ ಹೋದ. ಬತ್ತಿದ ಕೆರೆಯ ನಡುವೆ ಮುರಿದ ದೋಣಿಯೊಂದಿತ್ತು. ಅದರ ಮೇಲೆ ಮೊಸಳೆ ಮಲಗಿತ್ತು.

"ಹಲಗೆ ಬೇಕಿತ್ತು," ಎಂದ ಕಾಳೋಜ.

"ನನ್ನ ಬಾಯಿ ಒಣಗಿದೆ," ಎಂದಿತು ಮೊಸಳೆ. "ನಿನ್ನ ಕಣ್ಣೀರೆಲ್ಲ ಕೊಡು, ಒಯ್ಯಿ."

ಅವನು ಕೊಟ್ಟ. ಮುಂದೆ ಪಾಳುಬಿದ್ದ ಲಾಯ. ಅದರ ಬಾಗಿಲಿಗೆ ಅಡ್ಡವಾಗಿ ಮುದಿ ಕುದುರೆ ನಿಂತಿತ್ತು.

"ಬಾಗಿಲು ಬೇಕಿತ್ತು," ಎಂದ.

"ಕಾವಲು ನಿಂತು ನಿಂತು ಕಣ್ಣು ಉರಿಯುತ್ತದೆ," ಎಂದಿತು ಕುದುರೆ. "ನಿನ್ನ ನಿದ್ದೆಯೆಲ್ಲ ಕೊಡು, ಬಿಚ್ಚಿಕೋ."

ಅದನ್ನೂ ಕೊಟ್ಟ. ಮನೆಗೆ ಹೊತ್ತು ತಂದು ಕೆಲಸಕ್ಕೆ ಕೂತ. ಮೊಳೆ ಇರಲಿಲ್ಲ, ಹಲಗೆಯ ತುದಿಗಳು ಒಂದನ್ನೊಂದು ಕಚ್ಚುವಂತೆ ಕೊಯ್ದು ಬಿದಿರಿನ ಗೂಟ ಹೊಡೆದ. ಸಂದಿಗೆ ಅರಗು ತುಂಬಿದ. ಒಳಗೆ ಗರಗಸಕ್ಕೊಂದು ಸೀಳು, ಬಾಚಿಗೊಂದು ಗೂಡು, ಉಳಿಗೊಂದು ತೋಡು. ಲಾಯದಲ್ಲಿ ಸಿಕ್ಕ ಲಗಾಮಿನ ತೊಗಲಿನಿಂದ ಎರಡು ಕಡೆ ಹಿಡಿ ಕಟ್ಟಿದ. ಮುಚ್ಚಳಕ್ಕೆ ಮರ ಸಾಲಲಿಲ್ಲ. ಊರೆಲ್ಲ ಸುತ್ತಿದರೂ ಸಿಗಲಿಲ್ಲ. ಉಳಿದಿದ್ದ ಹಳೇ ಮರ ಅವನ ಮನೆಯ ಬಿದಿರಿನ ತೊಲೆಯಿಂದಲೇ ತೂಗುತ್ತಿತ್ತು.

"ದ್ಯಾವಿ, ತೊಟ್ಟಿಲು ಬೇಕು."

ದ್ಯಾವಮ್ಮ ಗಂಜಿ ತಿರುವುತ್ತಿದ್ದಳು. "ಯಾವ ತೊಟ್ಟಿಲು?" ಎಂದಳು, ಮನೆಯಲ್ಲಿ ಹತ್ತಾರು ಇದ್ದವರಂತೆ.

"ಮುಚ್ಚಳಕ್ಕೆ ಬೇರೆ ಮರ ಇಲ್ಲ."

"ಕಣ್ಣಲ್ಲಿ ಒಂದು ಹನಿ ಇಲ್ಲದೆ ಕೇಳ್ತೀರಲ್ಲ."

"ಕಣ್ಣೀರನ್ನ ಮೊಸಳೆಗೆ ಕೊಟ್ಟುಬಂದೆ. ಮಲಗಿ ಮರೆಯೋಣ ಅಂದ್ರೆ ನಿದ್ದೆನೂ ಕೊಟ್ಟಿದ್ದೇನೆ."

ಅವಳು ಸೌಟು ಕೆಳಗಿಟ್ಟಳು. "ಇದೂ ಹೋದ್ರೆ, ನಮಗೊಂದು ಮಗು ಇತ್ತು ಅನ್ನೋದಕ್ಕೆ ಏನು ಉಳಿಯುತ್ತೆ?"

ಕಾಳೋಜ ತೊಟ್ಟಿಲ ಹಗ್ಗದಿಂದ ಕೈ ತೆಗೆದ. "ನೀನು ಬೇಡ ಅಂದ್ರೆ ಬಿಟ್ಟುಬಿಡ್ತೇನೆ," ಎಂದ.

ದ್ಯಾವಮ್ಮ ಗಂಜಿಯನ್ನು ಒಲೆಯಿಂದ ಇಳಿಸಿದಳು. ಆಮೇಲೆ ಎದ್ದು ತೊಟ್ಟಿಲ ಹಗ್ಗ ಬಿಚ್ಚಿದಳು. "ನೀವು ಕಡೀಬೇಡಿ. ಗೂಟ ನಾನೇ ಕೀಳ್ತೇನೆ," ಎಂದಳು.

ತೊಟ್ಟಿಲ ತಳದ ಹಲಗೆಯೇ ಮುಚ್ಚಳವಾಯಿತು. ತುಂಬಿದ ಪೆಟ್ಟಿಗೆ ಒಬ್ಬರಿಂದ ಏಳಲಿಲ್ಲ. ಒಂದು ಹಿಡಿ ಅವನು, ಒಂದು ಹಿಡಿ ಅವಳು ಹಿಡಿದು ಬೆಟ್ಟ ಹತ್ತಿದರು.

ತುದಿಯಲ್ಲಿ ಕೆಂಜೂಗ ಕಂಬಕ್ಕೆ ಒರಗಿ ಕೂತಿದ್ದ. ಅವರನ್ನು ಕಂಡು ಏಳಲೂ ಇಲ್ಲ. "ಮೂರು ತುಂಡು ಕಬ್ಬಿಣ ನನ್ನ ಒಂದು ಉಸಿರಿಗೆ ಸಾಲದು," ಎಂದು ಊದಿದ.

ಕಾಳೋಜ ಗರಗಸ ತೆಗೆದು ಕೊಯ್ದ. ಕಂಬದ ತೊಗಟೆ ದಾಟುವಷ್ಟರಲ್ಲಿ ಅದು ಕೈಯಲ್ಲೇ ಪುಡಿಯಾಯಿತು. ಬಾಚಿ ಎತ್ತಿ ಕೆತ್ತಿದ. ಅರ್ಧ ಕಂಬಕ್ಕೆ ಬರುವಷ್ಟರಲ್ಲಿ ಅದೂ ಪುಡಿಯಾಯಿತು. ಉಳಿಯನ್ನು ಪೆಟ್ಟಿಗೆಯಿಂದ ತೆಗೆಯಲು ಅವನ ಕೈ ಏಳಲಿಲ್ಲ.

"ಆಗುವುದಿಲ್ಲ ದ್ಯಾವಿ. ಸುಮ್ಮನೆ ತೊಟ್ಟಿಲು ಮುರಿಸಿದೆ."

ದ್ಯಾವಮ್ಮ ಮುಚ್ಚಳವನ್ನು ಕಿತ್ತು ಕೆಂಜೂಗನ ಬಾಯಿಗೂ ಕಂಬಕ್ಕೂ ನಡುವೆ ಅಡ್ಡ ಹಿಡಿದಳು. ಮಂಜು ಬಂದು ಹಲಗೆಗೆ ಬಡಿದು ಹಿಂದಕ್ಕೆ ಹೋಯಿತು. "ಹೊಡೀರಿ," ಎಂದಳು. ಆ ಮರೆಯಲ್ಲಿ ಕಾಳೋಜ ಉಳಿಯಿಟ್ಟು ಕಲ್ಲಿನಿಂದ ಹೊಡೆದ. ಹೊಡೆಯುತ್ತಲೇ ಇದ್ದ. ಕೊನೆಗೆ ಉಳಿಯೂ ಉದುರಿತು, ಕಂಬವೂ ಉರುಳಿತು. ಕೆಂಜೂಗ ಕೂತಲ್ಲೇ ಕೆಂಪು ಧೂಳಾದ.

ಆಮೇಲೆ ಹೊಗರೂರಿಗೆ ನೆರೆರಾಜ್ಯದಿಂದ ಕಬ್ಬಿಣ ಬಂತು, ಕುಲುಮೆಗಳು ಹೊತ್ತಿದವು, ಹೊಲಗಳು ಉಳುಮೆ ಕಂಡವು, ಮಂದಿ ಹೊಟ್ಟೆತುಂಬ ಉಂಡು ಸುಖವಾಗಿ ಬಾಳಿದರು. ಕಾಳೋಜನ ಪೆಟ್ಟಿಗೆಗೆ ರಾಜನೇ ಹೊಸ ಹತ್ಯಾರ ಕಳಿಸಿದ. ಅದೆಲ್ಲ ಮುಂದೆ ಆದದ್ದು. ಅಂದು ಬೆಟ್ಟ ಇಳಿಯುವಾಗ ಪೆಟ್ಟಿಗೆ ಖಾಲಿಯಿತ್ತು, ಒಬ್ಬರೇ ಬಗಲಲ್ಲಿಟ್ಟು ತರಬಹುದಾಗಿತ್ತು. ಆದರೂ ಅವರಿಬ್ಬರು ಒಂದೊಂದು ಹಿಡಿ ಹಿಡಿದೇ ಇಳಿದರು.