ಎಡಚಿಯ ಗಂಟು

ಬಿಚ್ಚಿಹೋದ ಗಂಟು ನನ್ನದು, ಬೈಸಿಕೊಂಡವನು ಅವನು.

ಮದುವೆ ಉಡುಪಿನ ಅಂಚಿಗೆಂದು, ಒಂದೇ ಕಡೆ ಕೆಲಸ ಮಾಡುವ ನಾವಿಬ್ಬರೂ ಸೇರಿ ಹೆಣೆದ ಲೇಸ್ ಅದು. ಹೆಣೆಯುವಾಗ ದಾರ ತುಂಡಾದರೆ ಎರಡು ಸುತ್ತಿನ ಗಂಟು ಹಾಕಬೇಕು, ಎಳೆದು ನೋಡಬೇಕು, ಆಮೇಲೆಯೇ ತುದಿ ಕತ್ತರಿಸಬೇಕು. ನಿನ್ನೆ ನನ್ನ ದಾರ ತುಂಡಾದಾಗ ಎದುರಿನ ಸ್ಟೂಲಿನಿಂದ ಅವನು ನೋಡುತ್ತಿದ್ದ. ನನ್ನ ಕಿವಿ ಬಿಸಿಯಾಯಿತು. ಒಂದೇ ಸುತ್ತು ಹಾಕಿ ಕತ್ತರಿಸಿಬಿಟ್ಟೆ. ಇವತ್ತು ಗಿರಾಕಿಯ ಕೈಯಲ್ಲೇ ಆ ಗಂಟು ಜಾರಿತು. ನೋಡನೋಡುತ್ತಿದ್ದಂತೆ ಲೇಸಿನ ಒಂದು ಹೂವೇ ಬಿಚ್ಚಿಹೋಯಿತು.

"ಯಾರ ಗಂಟಿದು?" ದೊಡ್ಡಮ್ಮ ಕೂಗಿದಳು. ಲೇಸ್ ಶಾಪ್ ಅವಳದು, ಅಲ್ಲಿ ಏರುವ ಗಂಟಲೂ ಅವಳದೇ.

ನಾನು ಬಾಯಿ ತೆರೆಯುವುದರೊಳಗೆ ಅವನು, "ನಂದು" ಅಂದ.

"ಹಾಗಾದ್ರೆ ಇನ್ಮೇಲೆ ಲೇಸ್ ಮುಟ್ಬೇಡ. ಹೋಗಿ ಡಬ್ಬ ಪ್ಯಾಕ್ ಮಾಡು."

ಅವನು ಎದ್ದು ಹೋದ. ನಾನು ತುಟಿ ಬಿಚ್ಚದೆ ಕೂತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಊಟದ ಹೊತ್ತಿಗೆ ಪ್ಯಾಕಿಂಗ್ ಕೋಣೆಗೆ ಓಡಿದೆ.

"ಯಾಕೆ ಸುಳ್ಳು ಹೇಳಿದೆ?"

"ನೀನು ಎಡಚಿ. ಬಿಚ್ಚಿದ ಮೇಲೂ ದಾರದ ಸುಳಿ ಎಡಕ್ಕೇ ಇತ್ತು. ನಿಮ್ಮ ದೊಡ್ಡಮ್ಮ ಕನ್ನಡಕ ಹುಡುಕ್ತಿದ್ರು. ಅದು ಸಿಕ್ಕಿದ್ರೆ ಸುಳಿ ನೋಡಿ ನಿನ್ನ ಗಂಟು ಅಂತ ಕಂಡುಹಿಡೀತಿದ್ರು, ಅದಕ್ಕೇ ಮೊದ್ಲೇ ಹೇಳ್ಬಿಟ್ಟೆ."

"ಅಷ್ಟು ಸಣ್ಣ ಸುಳಿ ನಿನಗೆ ಕಾಣ್ಸತ್ತಾ?"

"ಎರಡು ವರ್ಷದಿಂದ ಅದನ್ನೇ ತಾನೇ ನೋಡ್ತಿರೋದು."

"ಗಂಟನ್ನಾ?"

"ಗಂಟು ಹಾಕೋಳನ್ನ." ಅಂದವನು ಟೇಪಿನ ತುದಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದ.

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ನನ್ನನ್ನು ಇಷ್ಟು ನೋಡಿದವನು, ಬೆಳಿಗ್ಗೆ ನಾನು ಬಾಯಿ ಮುಚ್ಚಿಕೊಂಡು ಕೂತದ್ದನ್ನೂ ನೋಡಿದ್ದ. ಅವನಿಗೆ ಮುಖ ತೋರಿಸಲು ನಾಚಿಕೆಯಾಗಿ ಸೀದಾ ಹೊರಗೆ ಬಂದೆ.

ಊಟ ಮುಗಿಸಿ ಉಳಿದವರೆಲ್ಲ ಮತ್ತೆ ಹೆಣೆಯಲು ಕೂತಿದ್ದರು.

"ದೊಡ್ಡಮ್ಮ, ಆ ಗಂಟು ಹಾಕಿದ್ದು ನಾನು. ಅವನನ್ನ ವಾಪಸ್ ಕರಿ."

"ನೀನಾ? ಮತ್ತೆ ಅವನ್ಯಾಕೆ ಒಪ್ಕೊಂಡ?"

ಎಲ್ಲರ ಕೈ ನಿಂತಿತು. ಇನ್ನೊಂದು ಸುಳ್ಳು ಹೇಳುವ ಮುಖ ನನಗಿರಲಿಲ್ಲ.

"ಅವನಿಗೆ ನಾನಂದ್ರೆ ಇಷ್ಟ."

"ನಿನಗೆ?"

"ನನಗೂ. ಅದಕ್ಕೇ ಗಂಟು ಕೆಟ್ಟಿದ್ದು."

ಯಾರೋ ಕಿಸಕ್ಕೆಂದರು. ದೊಡ್ಡಮ್ಮ ಕನ್ನಡಕ ಮೂಗಿಗೇರಿಸಿದಳು. "ಸರಿ, ಅವನು ಬಂದು ಕೂರ್ಲಿ. ಡಬ್ಬ ಪ್ಯಾಕ್ ಮಾಡೋಕೆ ನೀನು ಹೋಗು. ಒಂದು ತಿಂಗಳು."

ತಿರುಗಿದರೆ ಬಾಗಿಲಲ್ಲೇ ಅವನು ನಿಂತಿದ್ದ, ಕಿವಿಯವರೆಗೂ ಕೆಂಪಾಗಿ.

"ಊರಿಗೆಲ್ಲ ಹೇಳೋ ಮುಂಚೆ," ಅಂದ, "ನನಗೊಂದು ಮಾತು ಹೇಳ್ಬಾರದಿತ್ತಾ?"